ಓರೆ ಆವಿಯಿಂದ ಅರಳುವ ಬಣ್ಣ: ರಂಧ್ರಮಯ ಫೋಟಾನಿಕ್ ಸ್ಫಟಿಕಗಳು

ಬಣ್ಣದ ಲವಲೇಶವೂ ಇಲ್ಲದ ಎರಡು ವಸ್ತುಗಳನ್ನು ಕ್ರಮವಾಗಿ ಜೋಡಿಸಿಯೇ ಹೊಳೆಯುವ ಬಣ್ಣ ಬರಿಸಬಹುದು. ಹಾಗೆ ಜೋಡಿಸಿದ ವಸ್ತುವಿಗೆ ಫೋಟಾನಿಕ್ ಸ್ಫಟಿಕ ಎಂದು ಹೆಸರು. ಬೆಳಕನ್ನು ಹೆಚ್ಚು ಬಾಗಿಸುವ ಪದಾರ್ಥ, ಕಡಿಮೆ ಬಾಗಿಸುವ ಪದಾರ್ಥ, ಮತ್ತೆ ಹೆಚ್ಚಿನದು, ಮತ್ತೆ ಕಡಿಮೆಯದು ಹೀಗೆ ಬೆಳಕಿನ ತರಂಗದೂರದ ಅರ್ಧಕ್ಕೆ ಹತ್ತಿರದ ಅಂತರದಲ್ಲಿ ಮರುಕಳಿಸುತ್ತಾ ಹೋದರೆ, ಆ ಅಂತರಕ್ಕೆ ಹೊಂದುವ ಬಣ್ಣಕ್ಕೆ ಮುಂದೆ ದಾರಿಯಿಲ್ಲ. ಅದು ಹಿಂದಕ್ಕೆ ಪ್ರತಿಫಲಿಸಿ ಕಣ್ಣಿಗೆ ಬೀಳುತ್ತದೆ, ಉಳಿದ ಬಣ್ಣಗಳು ಹಾಯ್ದು ಹೋಗುತ್ತವೆ. ಈ ಎರಡು ಪದಾರ್ಥಗಳಲ್ಲಿ ಒಂದು ಬರೀ ಗಾಳಿಯಾದರೆ, ಅಥವಾ ಎರಡರಲ್ಲೂ ಗಾಳಿಯ ಪಾಲು ಬೇರೆ ಬೇರೆಯಾಗಿದ್ದರೆ, ಅದು ರಂಧ್ರಮಯ ಫೋಟಾನಿಕ್ ಸ್ಫಟಿಕ. ಇಂಥದ್ದನ್ನು ಮಾಡಲು ಹಲವು ದಾರಿಗಳಿವೆ. ಪದಾರ್ಥವನ್ನು ನಿರ್ವಾತದಲ್ಲಿ ಆವಿಯಾಗಿಸಿ, ಆ ಆವಿಯನ್ನು ಗಾಜು ಅಥವಾ ಸಿಲಿಕಾನ್ ಬಿಲ್ಲೆಯ ಮೇಲೆ ಕೂರಿಸುವುದು ಅವುಗಳಲ್ಲೊಂದು. ಈ ಲೇಖನದ ವಿಷಯ ಅದು.

ಕರ್ನಾಟಕದ ಓದುಗರಿಗೆ ಇದರ ನೈಸರ್ಗಿಕ ಮಾದರಿ ದೂರದ್ದಲ್ಲ. ಗುಬ್ಬಿ, ಕುಣಿಗಲ್ ಕಡೆಯ ಬಯಲಿನಲ್ಲಿ ವಿದ್ಯುತ್ ತಂತಿಯ ಮೇಲೆ ಮಂಕಾಗಿ ಕೂತಿರುವ ನೀಲಕಂಠ ಹಾರಿದೊಡನೆ ರೆಕ್ಕೆಯಲ್ಲಿ ಕಡುನೀಲಿ, ತಿಳಿನೀಲಿ ಪಟ್ಟೆಗಳು ಬೆಳಗುತ್ತವೆ. ನಮ್ಮ ರಾಜ್ಯಪಕ್ಷಿಯ ಆ ಗರಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಗರಿಯ ಎಳೆಯೊಳಗೆ ಕೆರಾಟಿನ್ ಎಂಬ ಪ್ರೋಟೀನು ಗಾಳಿ ತುಂಬಿದ ಅತಿಸೂಕ್ಷ್ಮ ಜಾಲವಾಗಿ ಹೆಣೆದುಕೊಂಡಿದೆ. ನೀಲಿ ಹುಟ್ಟುವುದು ಆ ಜಾಲದಲ್ಲಿ.

1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದ ಸಿ.ವಿ. ರಾಮನ್ ಮರುವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು. ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಹಕ್ಕಿಗಳ ಗರಿಯ ಬಣ್ಣದ ಮೇಲೆ ಅವರ ಪ್ರಬಂಧವಿದೆ. ಅದಕ್ಕೆ ಅವರು ಆರಿಸಿಕೊಂಡ ಹಕ್ಕಿ ಇದೇ ನೀಲಕಂಠ. ಆಕಾಶ ನೀಲಿಯಾಗಿ ಕಾಣುವುದಕ್ಕೆ ಕೊಡುವ ಚದುರಿಕೆಯ ವಿವರಣೆಯೊಂದೇ ಈ ಗರಿಗೆ ಸಾಲದು ಎಂಬುದು ರಾಮನ್ ಅವರ ವಾದವಾಗಿತ್ತು. ಒಂದೇ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ ಇರುವುದಕ್ಕೆ ಆ ವಿವರಣೆಯಲ್ಲಿ ಉತ್ತರವಿರಲಿಲ್ಲ. 1998ರಲ್ಲಿ ರಿಚರ್ಡ್ ಪ್ರಮ್ ಮತ್ತು ಸಂಗಡಿಗರು ದಕ್ಷಿಣ ಅಮೆರಿಕದ ಕೊಟಿಂಗಾ ಹಕ್ಕಿಯ ಗರಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಗಾಳಿಗೂಡುಗಳ ನಡುವೆ ಒಂದು ಸರಾಸರಿ ಅಂತರವಿದೆ, ಅವುಗಳಿಂದ ಹೊರಟ ಬೆಳಕಿನ ಅಲೆಗಳು ಪರಸ್ಪರ ಕೂಡಿಯೇ ನೀಲಿ ಬರುತ್ತದೆ ಎಂದು ಗಣಿತದ ಮೂಲಕ ತೋರಿಸಿದರು. ಗರಿಯ ಜಾಲಕ್ಕೆ ಸ್ಫಟಿಕದ ಕಟ್ಟುನಿಟ್ಟಾದ ಕ್ರಮವಿಲ್ಲ. ಅಂತರವೊಂದು ನೆಟ್ಟಗಿದ್ದರೆ ಬಣ್ಣಕ್ಕೆ ಅಷ್ಟು ಸಾಕು.

ರಾಮನ್ ಗರಿಗೇ ನಿಲ್ಲಲಿಲ್ಲ. ಮುತ್ತಿನ ಚಿಪ್ಪು, ಕ್ಲೋರೇಟ್ ಹರಳು, ಓಪಲ್ ಕಲ್ಲು ಒಂದೊಂದಾಗಿ ಅವರ ಪ್ರಯೋಗದ ಮೇಜಿಗೆ ಬಂದವು. ಆ ಸಂಗ್ರಹದ ಹರಳು, ಚಿಪ್ಪುಗಳನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕಾಪಾಡಿಕೊಂಡು ಬರಲಾಗಿದೆ. ಓಪಲ್ ಬಗ್ಗೆ 1953ರಲ್ಲಿ ಎ. ಜಯರಾಮನ್ ಜತೆ ಅವರು ಕೊಟ್ಟ ಪದರಗಳ ವಿವರಣೆ ನಿಲ್ಲಲಿಲ್ಲ. 1964ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಂಡದ್ದು ಒತ್ತೊತ್ತಾಗಿ ಪೇರಿಸಿದ ಸಿಲಿಕಾ ಗುಂಡುಗಳನ್ನು. ಆದರೆ ಆ ಬಣ್ಣ ವರ್ಣದ್ರವ್ಯದ್ದಲ್ಲ, ಒಳರಚನೆಯ ಕ್ರಮದ್ದು ಎಂಬ ಮೂಲ ನಿಲುವು ಸರಿಯಾಗಿಯೇ ಇತ್ತು. ಇದೇ ಸಾಲಿಗೆ ಸೇರುವ, ಹೆಚ್ಚು ಜನ ನೆನೆಯದ ಇನ್ನೊಂದು ಪ್ರಬಂಧವಿದೆ: ಮುಂದೆ ಕೊಲ್ಯಾಜೆನ್ ಪ್ರೋಟೀನಿನ ರಚನೆಯಿಂದ ಜಗತ್ಪ್ರಸಿದ್ಧರಾದ ಜಿ.ಎನ್. ರಾಮಚಂದ್ರನ್, ರಾಮನ್ ಅವರ ಶಿಷ್ಯರಾಗಿ 1942ರಲ್ಲಿ ಕ್ರಮವಾಗಿ ಪದರಗಟ್ಟಿದ ಮಾಧ್ಯಮದಿಂದ ಬೆಳಕು ಹೇಗೆ ಪ್ರತಿಫಲಿಸುತ್ತದೆ ಎಂದು ಲೆಕ್ಕ ಹಾಕಿದ್ದರು. ಲಾರ್ಡ್ ರೇಲೀ 1887ರಲ್ಲಿ ಎತ್ತಿಕೊಂಡಿದ್ದ ಸಮಸ್ಯೆಯದು. ಸರಿಯಾಗಿ ನೂರು ವರ್ಷದ ಬಳಿಕ, 1987ರಲ್ಲಿ, ಎಲಿ ಯಾಬ್ಲೊನೊವಿಚ್ ಮತ್ತು ಕೇರಳ ಮೂಲದ ಸಜೀವ್ ಜಾನ್ ಬೇರೆ ಬೇರೆಯಾಗಿ ಅದನ್ನು ಮೂರೂ ದಿಕ್ಕಿಗೆ ವಿಸ್ತರಿಸಿದರು. ಯಾವ ದಿಕ್ಕಿನಿಂದ ಬಂದರೂ ಒಂದು ಬಣ್ಣ ಒಳಗೆ ಕಾಲಿಡಲಾರದ ವಸ್ತು ಸಾಧ್ಯ ಎಂಬುದು ಅವರ ಪ್ರತಿಪಾದನೆ. ಫೋಟಾನಿಕ್ ಸ್ಫಟಿಕ ಎಂಬ ಹೆಸರು ರೂಢಿಗೆ ಬಂದದ್ದು ಅಲ್ಲಿಂದಾಚೆಗೆ.

ಆವಿ ಕೂರಿಸುವ ವಿದ್ಯೆಯದು ಬೇರೆಯೇ ಚರಿತ್ರೆ. ತುಮಕೂರಿನ ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಯಿಂದ ಹಿಡಿದು ಯಾವುದೇ ಊರಿನ ಪೆಟ್ಟಿಗೆ ಅಂಗಡಿಯವರೆಗೆ ಸರವಾಗಿ ನೇತಾಡುವ ಚಿಪ್ಸ್ ಪ್ಯಾಕೆಟ್ಟಿನ ಒಳಮೈ ಬೆಳ್ಳಿಯಂತೆ ಹೊಳೆಯುತ್ತದಲ್ಲ, ಅದು ನಿರ್ವಾತದಲ್ಲಿ ಆವಿಯಾಗಿಸಿ ಪ್ಲಾಸ್ಟಿಕ್ ಹಾಳೆಯ ಮೇಲೆ ಕೂರಿಸಿದ ಅಲ್ಯೂಮಿನಿಯಂ. ಅದರ ದಪ್ಪ ಕೆಲವೇ ಹತ್ತು ನ್ಯಾನೋಮೀಟರ್. ಕನ್ನಡಕದ ಗಾಜಿನ ಮೇಲಿನ ಹಸಿರು ಛಾಯೆಯ ಲೇಪನವೂ ಇದೇ ವಿದ್ಯೆಯ ಕೂಸು. ಬೆಂಗಳೂರಿನ ಪೀಣ್ಯಕ್ಕೆ ಇದು ಹಳೆಯ ಕಸುಬು. ಎಚ್‌ಎಚ್‌ವಿ ಎಂದೇ ಹೆಸರಾದ ಹಿಂದ್ ಹೈ ವ್ಯಾಕ್ಯೂಮ್ ಕಂಪನಿ 1965ರಿಂದ ನಿರ್ವಾತ ಯಂತ್ರಗಳನ್ನು ಮಾಡುತ್ತಿದೆ. ಉತ್ತರಾಖಂಡದ ದೇವಸ್ಥಲದಲ್ಲಿರುವ 3.6 ಮೀಟರ್ ದೂರದರ್ಶಕದ ಕನ್ನಡಿಗೆ ಅಲ್ಯೂಮಿನಿಯಂ ಲೇಪಿಸುವ ಯಂತ್ರವನ್ನು ಕಟ್ಟಿದ್ದು ಅದೇ ಕಂಪನಿ. ಉಪಗ್ರಹಗಳ ಕ್ಯಾಮೆರಾ, ಸಂವೇದಕಗಳಿಗೆ ಬೇಕಾದ ದೃಕ್ ಉಪಕರಣಗಳ ಮೇಲೆ ಕೆಲಸ ಮಾಡುವ ಇಸ್ರೋದ ಲಿಯೋಸ್ ಪ್ರಯೋಗಾಲಯವೂ ಪೀಣ್ಯದಲ್ಲಿದೆ.

ಈ ಎಲ್ಲ ಕಡೆಯೂ ರಂಧ್ರವೆಂದರೆ ಶತ್ರು. ಪದರ ಟೊಳ್ಳಾದರೆ ಹವೆಯ ತೇವ ಒಳನುಗ್ಗುತ್ತದೆ, ಲೇಪನ ಕಿತ್ತುಬರುತ್ತದೆ, ಕನ್ನಡಿಯ ಹೊಳಪು ಇಳಿಯುತ್ತದೆ. ಗಾಜನ್ನು ಬಿಸಿ ಮಾಡಿ, ಅಯಾನುಗಳಿಂದ ಬಡಿದು, ಪದರವನ್ನು ಗಟ್ಟಿಯಾಗಿಸಲು ಲೇಪನ ಎಂಜಿನಿಯರುಗಳು ದಶಕಗಟ್ಟಲೆ ಹೆಣಗಿದ್ದಾರೆ. ರಂಧ್ರಮಯ ಫೋಟಾನಿಕ್ ಸ್ಫಟಿಕಗಳ ಹಿಂದಿರುವ ಜಾಣತನ ಇಷ್ಟೇ: ಅದೇ ದೋಷವನ್ನು ಬೇಕೆಂದೇ ಕರೆದು, ಅಳತೆಗೆ ತಕ್ಕಂತೆ ಬೆಳೆಸುವುದು.

ಅದಕ್ಕೆ ಬೇಕಾದದ್ದು ಓರೆ. ಸಾಮಾನ್ಯ ಲೇಪನದಲ್ಲಿ ಆವಿ ಬಿಲ್ಲೆಗೆ ನೇರವಾಗಿ ಬಂದು ಬೀಳುತ್ತದೆ. ಇಲ್ಲಿ ಬಿಲ್ಲೆಯನ್ನು 80 ಡಿಗ್ರಿಗೂ ಮೀರಿ ವಾಲಿಸಿ, ಆವಿ ಅದರ ಮೈಯನ್ನು ಸವರಿಕೊಂಡು ಹೋಗುವಂತೆ ಇಡುತ್ತಾರೆ. ಗಾಳಿಮಳೆಯ ಎರಚಲು ಜಗಲಿಯನ್ನು ನೆನೆಸುವಾಗ ಕಂಬದ ಹಿಂದಿನ ನೆಲ ಒಣಗಿಯೇ ಉಳಿಯುತ್ತದೆ. ಓರೆ ಆವಿಯೂ ಹಾಗೆಯೇ. ಮೊದಲು ಬಂದು ಕೂತ ಪರಮಾಣುಗಳ ಸಣ್ಣ ದಿಬ್ಬದ ಹಿಂದೆ ನೆರಳು ಬೀಳುತ್ತದೆ, ಆ ನೆರಳಿನೊಳಗೆ ಹೊಸ ಪರಮಾಣು ಇಳಿಯದು. ಎತ್ತರವಿದ್ದದ್ದು ಇನ್ನೂ ಎತ್ತರವಾಗುತ್ತದೆ, ತಗ್ಗು ತಗ್ಗಾಗಿಯೇ ಉಳಿಯುತ್ತದೆ. ಕೊನೆಗೆ ಸಿಗುವುದು ಸಪಾಟು ಪದರವಲ್ಲ, ಹತ್ತಾರು ನ್ಯಾನೋಮೀಟರ್ ದಪ್ಪದ ಕಂಬಗಳ ಕಾಡು, ಮಧ್ಯೆ ಬರೀ ಗಾಳಿ.

ಇದರ ಸುಳಿವು ಹಳೆಯದು. ಲೋಹದ ತೆಳುಪದರಗಳು ಬೆಳಕನ್ನು ದಿಕ್ಕಿಗೊಂದು ಬಗೆಯಾಗಿ ನಡೆಸುತ್ತವೆ ಎಂದು ಜರ್ಮನಿಯ ಆಗಸ್ಟ್ ಕುಂಟ್ 1886ರಲ್ಲೇ ಗಮನಿಸಿದ್ದ. 1959ರಲ್ಲಿ ಯಂಗ್ ಮತ್ತು ಕೊವಾಲ್ ಎಂಬಿಬ್ಬರು ಓರೆ ಆವಿಯ ಕೆಳಗೆ ಗಾಜನ್ನು ತಿರುಗಿಸುತ್ತಾ ಫ್ಲೋರೈಟ್ ಪದರ ಬೆಳೆಸಿ, ಅದು ಬೆಳಕಿನ ಧ್ರುವೀಕರಣದ ತಲವನ್ನು ತಿರುಚುವುದನ್ನು ಕಂಡರು. ಒಳಗೆ ಸುರುಳಿ ಬೆಳೆದಿರಬೇಕು ಎಂದು ಊಹಿಸಿದರೇ ಹೊರತು ಅದನ್ನು ಕಣ್ಣಾರೆ ಕಾಣುವ ಸಲಕರಣೆ ಆಗ ಅವರ ಬಳಿ ಇರಲಿಲ್ಲ. 1966ರಲ್ಲಿ ನೆದರ್ಲೆಂಡ್ಸ್‌ನ ಫಿಲಿಪ್ಸ್ ಪ್ರಯೋಗಾಲಯದ ಇಬ್ಬರು ಅಲ್ಯೂಮಿನಿಯಂ ಪದರಗಳನ್ನು ಪರೀಕ್ಷಿಸಿ, ಕಂಬಗಳ ವಾಲು ಆವಿ ಬರುವ ಕೋನಕ್ಕಿಂತ ಕಡಿಮೆಯಿರುತ್ತದೆ ಎಂಬ ಸೂತ್ರ ಕೊಟ್ಟರು. ಇಷ್ಟಾದರೂ ಇದೊಂದು ಕುತೂಹಲದ ಸಂಗತಿಯಾಗಿಯೇ ಉಳಿದಿತ್ತು. ಅದನ್ನು ತಯಾರಿಕಾ ವಿಧಾನವಾಗಿ ಮಾರ್ಪಡಿಸಿದ್ದು 1990ರ ದಶಕದ ನಡುವೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಕೆವಿನ್ ರಾಬಿ ಮತ್ತು ಮೈಕೆಲ್ ಬ್ರೆಟ್. ಓರೆಗೆ ಅವರು ಕಂಪ್ಯೂಟರ್ ಹಿಡಿತದ ಮೋಟಾರುಗಳನ್ನು ಸೇರಿಸಿದರು. ಬಿಲ್ಲೆ ನಿಧಾನವಾಗಿ ಸುತ್ತಿದರೆ ಕಂಬ ಸುರುಳಿಯಾಗಿ ಬೆಳೆಯುತ್ತದೆ. ವೇಗವಾಗಿ ಸುತ್ತಿದರೆ ನೆಟ್ಟಗೆ ನಿಲ್ಲುತ್ತದೆ. ಆಗಾಗ ಅರ್ಧ ಸುತ್ತು ಹಾಕಿ ನಿಲ್ಲಿಸಿದರೆ ಅಂಕುಡೊಂಕು. ಈ ವಿಧಾನವನ್ನು ಪ್ರಯೋಗಾಲಯಗಳಲ್ಲಿ ಗ್ಲಾಡ್ ಎಂದು ಕರೆಯುತ್ತಾರೆ.

ಯಂತ್ರದ ಒಳಗನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಉಕ್ಕಿನ ಕೋಣೆಯ ತಳದಲ್ಲಿ ನೀರಿನಿಂದ ತಂಪಾಗಿಸಿದ ತಾಮ್ರದ ಒಲೆ, ಅದರ ಮೂಸೆಯಲ್ಲಿ ಟೈಟಾನಿಯಂ ಡೈಆಕ್ಸೈಡ್ ಅಥವಾ ಸಿಲಿಕಾ ಚೂರುಗಳು. ಕಾಂತಕ್ಷೇತ್ರದಲ್ಲಿ ಬಾಗಿ ಬರುವ ಎಲೆಕ್ಟ್ರಾನ್ ಕಿರಣ ಅವುಗಳ ಮೇಲೆ ಬಿದ್ದು ಕಾಯಿಸುತ್ತದೆ. ಒತ್ತಡವನ್ನು 10⁻⁶ ಮಿಲಿಬಾರ್‌ಗೆ ಇಳಿಸಿರುವುದರಿಂದ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯದೆ ಸರಾಸರಿ 60 ಮೀಟರಿನಷ್ಟು ಸಾಗಬಲ್ಲದು. ಒಲೆಯಿಂದ ಬಿಲ್ಲೆಗಿರುವ ದೂರ ಒಂದು ಮೀಟರಿನ ಆಸುಪಾಸು. ಹೀಗಾಗಿ ಆವಿ ಗೆರೆ ಎಳೆದಂತೆ ನೇರವಾಗಿ ಬರುತ್ತದೆ. ಅದು ನೇರ ಬಂದರೆ ಮಾತ್ರ ನೆರಳು ಸ್ಪಷ್ಟ. ಕೋಣೆಯ ನೆತ್ತಿಯಲ್ಲಿ ವಾಲಿ ಕೂತ ಬಿಲ್ಲೆ ತಣ್ಣಗಿರಬೇಕು. ಪದಾರ್ಥದ ಕರಗುವ ತಾಪ ಕೆಲ್ವಿನ್ ಲೆಕ್ಕದಲ್ಲಿ ಎಷ್ಟೋ ಅದರ ಮೂರನೇ ಒಂದು ಭಾಗಕ್ಕಿಂತ ಬಿಲ್ಲೆ ಬಿಸಿಯಾದರೆ ಪರಮಾಣುಗಳು ಕೂತಲ್ಲಿ ಕೂರದೆ ಹರಿದಾಡಿ ತಗ್ಗುಗಳನ್ನು ತುಂಬಿಬಿಡುತ್ತವೆ. ಈ ಓರೆಗೆ ತೆರಬೇಕಾದ ಬೆಲೆಯೂ ಇದೆ. 85 ಡಿಗ್ರಿ ವಾಲಿಸಿದ ಬಿಲ್ಲೆಗೆ, ನೇರ ಇಟ್ಟಾಗ ಬೀಳುತ್ತಿದ್ದ ಆವಿಯಲ್ಲಿ ಶೇಕಡಾ 9ರಷ್ಟೂ ಬೀಳುವುದಿಲ್ಲ. ಉಳಿದದ್ದೆಲ್ಲ ಕೋಣೆಯ ಗೋಡೆಗೆ.

ಇದರಿಂದ ಫೋಟಾನಿಕ್ ಸ್ಫಟಿಕ ಆಗುವ ಬಗೆ ಸೊಗಸಾಗಿದೆ. ಒಂದೇ ಪದಾರ್ಥ ಸಾಕು. ಗಟ್ಟಿಯಾದ ಟೈಟಾನಿಯಂ ಡೈಆಕ್ಸೈಡ್ ಪದರದ ವಕ್ರೀಭವನ ಸೂಚ್ಯಂಕ ಸುಮಾರು 2.4. ಓರೆ ಹೆಚ್ಚಿದಂತೆ ಗಾಳಿಯ ಪಾಲು ಹೆಚ್ಚಿ, ಸೂಚ್ಯಂಕ 1.5ರ ಹತ್ತಿರಕ್ಕೂ ಇಳಿಯುತ್ತದೆ. ಬಿಲ್ಲೆಯ ವಾಲನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಮಾಡುತ್ತಾ ಹೋದರೆ ಹೆಚ್ಚು ಟೊಳ್ಳು, ಕಡಿಮೆ ಟೊಳ್ಳು ಪದರಗಳು ಒಂದರ ಮೇಲೊಂದು ಏಳುತ್ತವೆ. ಹಸಿರು, ಅಂದರೆ 550 ನ್ಯಾನೋಮೀಟರ್ ಬೆಳಕು ಹಿಂದಿರುಗಬೇಕಿದ್ದರೆ 1.5 ಸೂಚ್ಯಂಕದ ಪದರ 92 ನ್ಯಾನೋಮೀಟರ್, 1.9ರದ್ದು 72 ನ್ಯಾನೋಮೀಟರ್ ದಪ್ಪವಿದ್ದರೆ ಆಯಿತು. ಇಂಥ ಕೆಲವೇ ಜೋಡಿ ಬೆಳೆಯುವ ಹೊತ್ತಿಗೆ ಬಿಳಿ ಆಕ್ಸೈಡಿನಿಂದ ಹುಟ್ಟಿದ ಲೇಪನ ಹಸಿರಾಗಿ ಮಿನುಗತೊಡಗುತ್ತದೆ. ಎರಡನೆಯ ಮೂಸೆ ಬೇಕಿಲ್ಲ, ಎರಡನೆಯ ಪದಾರ್ಥವೂ ಬೇಕಿಲ್ಲ. ಮೋಟಾರಿನ ತಿರುವಷ್ಟೇ ಬದಲಾದದ್ದು.

ಮೂರೂ ದಿಕ್ಕಿನಲ್ಲಿ ಬೆಳಕನ್ನು ತಡೆಯುವ ಸ್ಫಟಿಕ ಇದಕ್ಕಿಂತ ಬಹಳ ಕಷ್ಟದ ಕೆಲಸ. 2001ರಲ್ಲಿ ಒವಿಡ್ಯು ಟೊಡೆರ್ ಮತ್ತು ಸಜೀವ್ ಜಾನ್ ಚೌಕಾಕಾರದ ಸುರುಳಿಗಳನ್ನು ಸಾಲಾಗಿ ನಿಲ್ಲಿಸಿದರೆ ಅದು ಸಾಧ್ಯ ಎಂದು ಲೆಕ್ಕ ಹಾಕಿ ತೋರಿಸಿದರು. ಆ ಆಕಾರವನ್ನು ಅವರು ಗೊತ್ತಿದ್ದೇ ಆರಿಸಿದ್ದರು. ಬಿಲ್ಲೆಯನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿ, ಮತ್ತೆ ಕಾಲು ಸುತ್ತು ತಿರುಗಿಸುತ್ತಾ ಹೋದರೆ ಓರೆ ಆವಿ ತಾನಾಗಿ ಅದನ್ನು ಬೆಳೆಸಿಕೊಡುತ್ತದೆ. ಮರುವರ್ಷ ಬ್ರೆಟ್ ಅವರ ತಂಡ ಸಿಲಿಕಾನಿನಲ್ಲಿ ಅಂಥ ಸುರುಳಿಗಳನ್ನು ಬೆಳೆಸಿತು. ಕಂಬಗಳು ಎಲ್ಲೆಂದರಲ್ಲಿ ಏಳದೆ ಚೌಕದ ಮನೆಗಳಲ್ಲೇ ಏಳಲೆಂದು ಬಿಲ್ಲೆಯ ಮೇಲೆ ಮೊದಲೇ ಬೀಜದಂಥ ದಿಬ್ಬಗಳನ್ನು ಸಾಲಾಗಿ ಇಟ್ಟಿರಬೇಕಾಗುತ್ತದೆ.

ಆವಿಯ ಇನ್ನೊಂದು ದಾರಿ ರಾಸಾಯನಿಕ. ಇದರಲ್ಲಿ ನೆರಳಿನ ಪಾತ್ರವಿಲ್ಲ. ಒಂದೇ ಅಳತೆಯ ಸಿಲಿಕಾ ಗುಂಡುಗಳನ್ನು ಓಪಲ್ಲಿನಂತೆ ಪೇರಿಸಿದಾಗ ಶೇಕಡಾ 74 ಜಾಗ ಗುಂಡುಗಳದ್ದು, ಶೇಕಡಾ 26 ಸಂದುಗಳದ್ದು. ಆ ಸಂದಿಗೆ ಡೈಸಿಲೇನ್ ಅನಿಲ ಹಾಯಿಸಿ ಕಾಯಿಸಿದರೆ ಒಳಗೆಲ್ಲ ಸಿಲಿಕಾನ್ ಕೂರುತ್ತದೆ. ಆಮೇಲೆ ಆಮ್ಲದಿಂದ ಗುಂಡುಗಳನ್ನು ಕರಗಿಸಿ ತೆಗೆದರೆ ಗುಂಡಿದ್ದಲ್ಲಿ ಗಾಳಿ, ಗಾಳಿಯಿದ್ದಲ್ಲಿ ಸಿಲಿಕಾನ್. ಸ್ಪೇನ್, ಕೆನಡಾ ಮೊದಲಾದ ಕಡೆಯ ವಿಜ್ಞಾನಿಗಳು 2000ದಲ್ಲಿ ಹೀಗೆ ಮಾಡಿದ ತಲೆಕೆಳಗಾದ ಓಪಲ್, ದೂರಸಂಪರ್ಕದ ಎಳೆಗಳಲ್ಲಿ ಬಳಸುವ 1.5 ಮೈಕ್ರೋಮೀಟರಿನ ಸಮೀಪದ ಬೆಳಕನ್ನು ಎಲ್ಲ ದಿಕ್ಕಿನಿಂದಲೂ ತಡೆಯುವಂತಿತ್ತು. 2006ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಚಿಟ್ಟೆಯ ರೆಕ್ಕೆಯನ್ನೇ ಅಚ್ಚಾಗಿ ಹಿಡಿದರು: ಮಾರ್ಫೊ ಚಿಟ್ಟೆಯ ರೆಕ್ಕೆಗೆ ಒಂದೊಂದೇ ಪರಮಾಣು ಪದರವಾಗಿ ಅಲ್ಯೂಮಿನಾ ಲೇಪಿಸಿ, ಆಮೇಲೆ ರೆಕ್ಕೆಯನ್ನು ಸುಟ್ಟು ಅಲ್ಯೂಮಿನಾದ ಪಡಿಯಚ್ಚನ್ನು ಉಳಿಸಿಕೊಂಡರು. ಲಖನೌದಲ್ಲಿ ಹುಟ್ಟಿದ ಅಖಿಲೇಶ್ ಲಖ್ತಾಕಿಯಾ, ತಿರುಗುವ ರೆಕ್ಕೆಯ ಮೇಲೆ ಓರೆ ಆವಿಯನ್ನೇ ಹಾಯಿಸಿ ಇಂಥ ಪಡಿಯಚ್ಚು ತೆಗೆಯುವ ವಿಧಾನವನ್ನು ಸ್ಪೇನಿನ ಸಹೋದ್ಯೋಗಿಗಳ ಜತೆ ರೂಪಿಸಿದರು.

ಕರ್ನಾಟಕದಲ್ಲಿ ಓರೆ ಆವಿಯ ಕೆಲಸಕ್ಕೆ ಹೆಸರಾದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ, ಅಂದರೆ ಸೆನ್ಸ್. ಅಲ್ಲಿನ ಅಂಬರೀಶ್ ಘೋಷ್ ಅವರ ತಂಡ 2013ರಲ್ಲಿ ಇಡೀ ಬಿಲ್ಲೆಯ ತುಂಬ ರಂಧ್ರಮಯ ಪದಾರ್ಥವೊಂದನ್ನು ಬೆಳೆಸಿದ ವಿವರ ಪ್ರಕಟಿಸಿತು. ಸಿಲಿಕಾದ ಸುರುಳಿಗಳ ಜತೆ ಲೋಹದ ನ್ಯಾನೋಕಣಗಳನ್ನು ಜೋಡಿಸಿದ ಈ ರಚನೆ ಕಣ್ಣಿಗೆ ಕಾಣುವ ಬೆಳಕಿನಲ್ಲೇ ಎಡಸುತ್ತು ಮತ್ತು ಬಲಸುತ್ತು ಧ್ರುವಿತ ಬೆಳಕನ್ನು ಬೇರೆ ಬೇರೆಯಾಗಿ ಕಾಣುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಇದನ್ನು ಫೋಟಾನಿಕ್ ಸ್ಫಟಿಕ ಎನ್ನಲಾಗದು. ಇಲ್ಲಿ ಬೆಳಕಿನೊಡನೆ ವ್ಯವಹರಿಸುವುದು ಪದರಗಳ ಅಂತರಕ್ಕಿಂತ ಹೆಚ್ಚಾಗಿ ಲೋಹದ ಎಲೆಕ್ಟ್ರಾನುಗಳು. ಆದರೆ ಯಂತ್ರ ಅದೇ, ಓರೆ ಅದೇ, ನೆರಳೂ ಅದೇ.

ಆ ಸುರುಳಿಗಳ ಇನ್ನೊಂದು ಕಥೆ ಬೆಳಕನ್ನು ಬಿಟ್ಟು ಬೇರೆಡೆಗೆ ಸಾಗಿತು. ಘೋಷ್ 2009ರಲ್ಲಿ ಹಾರ್ವರ್ಡ್‌ನಲ್ಲಿ ಪೀರ್ ಫಿಶರ್ ಜತೆ, ಓರೆ ಆವಿಯಿಂದ ಬೆಳೆದ ಗಾಜಿನ ಸುರುಳಿಗೆ ಕಾಂತೀಯ ಲೋಹ ಲೇಪಿಸಿ, ಅದನ್ನು ದ್ರವದಲ್ಲಿ ಕಾಂತಕ್ಷೇತ್ರದಿಂದ ತಿರುಗಿಸಿ ಈಜಿಸಿದ್ದರು. ಕಾಲು ಮೈಕ್ರೋಮೀಟರಿನಷ್ಟು ಅಗಲದ ಸುರುಳಿಗಳು ಒತ್ತಾಗಿ ಬೆಳೆಯುವುದರಿಂದ ಚದರ ಸೆಂಟಿಮೀಟರಿಗೆ ನೂರು ಕೋಟಿಯ ಪ್ರಮಾಣದಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲಿ ಈ ಕೆಲಸ ಹಲ್ಲಿನವರೆಗೂ ಬಂತು. ಬೇರುನಾಳದ ಚಿಕಿತ್ಸೆಯ ಬಳಿಕವೂ ಹಲ್ಲಿನೊಳಗಿನ ಅತಿಸಣ್ಣ ಕೊಳವೆಗಳಲ್ಲಿ ಅಡಗಿ ಉಳಿಯುವ ಬ್ಯಾಕ್ಟೀರಿಯಗಳತ್ತ, ಕಬ್ಬಿಣ ಲೇಪಿಸಿದ ಸಿಲಿಕಾ ಸುರುಳಿಗಳನ್ನು ಓಡಿಸಿ ಬಿಸಿಯಿಂದ ಕೊಲ್ಲುವ ಪ್ರಯೋಗವನ್ನು ತಂಡ 2022ರಲ್ಲಿ ಪ್ರಕಟಿಸಿತು.

ರಂಧ್ರಮಯ ಫೋಟಾನಿಕ್ ಪದರಗಳ ಉಪಯೋಗಗಳಲ್ಲಿ ಮುಖ್ಯವಾದದ್ದು ಅವುಗಳ ಟೊಳ್ಳಿನಿಂದಲೇ ಬರುತ್ತದೆ. ಲೇಪನ ಎಂಜಿನಿಯರ್ ಹೆದರುತ್ತಿದ್ದ ತೇವ ಇಲ್ಲಿ ಬೇಕಾದ ಅತಿಥಿ. ಮೇಲೆ ಹೇಳಿದ ಹಸಿರು ಪದರದ ರಂಧ್ರಗಳಲ್ಲಿ ಗಾಳಿಯ ಬದಲು ನೀರು ತುಂಬಿಕೊಂಡರೆ ಎರಡೂ ಪದರಗಳ ಸೂಚ್ಯಂಕ ಏರಿ, ಹಿಂದಿರುಗುವ ಬೆಳಕು 550ರಿಂದ 600 ನ್ಯಾನೋಮೀಟರಿನ ಹತ್ತಿರಕ್ಕೆ ಜರುಗುತ್ತದೆ. ಹಸಿರು ಕಿತ್ತಳೆಯಾಗುತ್ತದೆ. 2011ರಲ್ಲಿ ಹಾಕ್‌ಐ ಮತ್ತು ಬ್ರೆಟ್ ಇಂಥ ಟೈಟಾನಿಯಂ ಡೈಆಕ್ಸೈಡ್ ಪದರಗಳನ್ನು ಬಣ್ಣ ಬದಲಿಸುವ ತೇವಮಾಪಕವಾಗಿ ರೂಪಿಸಿ ತೋರಿಸಿದರು. ಇದಕ್ಕೆ ಬ್ಯಾಟರಿ ಬೇಡ, ತಂತಿ ಬೇಡ, ನೋಡುವ ಕಣ್ಣಿದ್ದರೆ ಸಾಕು. ತುಮಕೂರು ಜಿಲ್ಲೆಯಂಥ ಕಡೆ ಇದರ ಬೆಲೆ ತಿಳಿಯಲು ಕಷ್ಟಪಡಬೇಕಿಲ್ಲ. ತಿಪಟೂರಿನ ಕೊಬ್ಬರಿ, ಗುಬ್ಬಿಯ ಅಡಿಕೆ, ತುಮಕೂರಿನ ಹುಣಸೆ, ಮೂರಕ್ಕೂ ಗೋದಾಮಿನ ತೇವವೇ ಮೊದಲ ವೈರಿ. ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಾಗಲಿ, ಅದರಾಚೆ ಹೆದ್ದಾರಿಯ ವಸಂತನರಸಾಪುರದ ಫುಡ್ ಪಾರ್ಕಿನಲ್ಲಾಗಲಿ ದಾಸ್ತಾನು ಕೋಣೆಯ ಗೋಡೆಗೆ ಅಂಟಿಸಿದ ಬೆರಳಗಲದ ಗಾಜು, ಬಣ್ಣದಿಂದಲೇ ತೇವ ಏರಿದ್ದನ್ನು ಹೇಳಬಲ್ಲದು.

ಎರಡನೆಯ ಉಪಯೋಗ ಬೆಳಕನ್ನು ಹಿಂದಿರುಗಿಸುವುದಲ್ಲ, ಹಿಂದಿರುಗದಂತೆ ನೋಡಿಕೊಳ್ಳುವುದು. 2007ರಲ್ಲಿ ಅಮೆರಿಕದ ರೆನ್ಸಲೇರ್ ಸಂಸ್ಥೆಯ ಫ್ರೆಡ್ ಶೂಬರ್ಟ್ ತಂಡ ಓರೆ ಆವಿಯಿಂದ ಬೆಳೆಸಿದ ಸಿಲಿಕಾ ಕಡ್ಡಿಗಳ ಪದರದ ಸೂಚ್ಯಂಕ ಬರೀ 1.05. ಗಾಳಿಯದು 1, ಮಾಮೂಲು ಗಾಜಿನದು 1.5 ಎಂಬುದನ್ನು ನೆನೆದರೆ ಇದೆಷ್ಟು ಹಗುರ ಎಂಬುದು ಗೊತ್ತಾಗುತ್ತದೆ. ಕೆಳಗೆ ಗಟ್ಟಿ, ಮೇಲೆ ಹೋದಂತೆ ಟೊಳ್ಳಾಗುವ ಐದು ಪದರಗಳನ್ನು ಜೋಡಿಸಿದಾಗ ಬೆಳಕಿಗೆ ಗಾಳಿಯಿಂದ ವಸ್ತುವಿನೊಳಗೆ ಇಳಿದದ್ದೇ ತಿಳಿಯದಂತಾಗಿ ಪ್ರತಿಫಲನ ಹೆಚ್ಚುಕಡಿಮೆ ಅಳಿಸಿಹೋಯಿತು. ಸೌರಫಲಕ, ಎಲ್‌ಇಡಿಗಳವರ ಕಣ್ಣು ಇದರ ಮೇಲಿದೆ.

ಹಾಗಿದ್ದೂ ಅಂಗಡಿಯ ಕಪಾಟಿನಲ್ಲಿ ಇವು ಯಾಕೆ ಸಿಗುವುದಿಲ್ಲ? ಮೊದಲ ಕಾರಣ ದುರ್ಬಲತೆ. ಬೆರಳು ತಾಗಿದರೆ ಕಂಬಗಳು ಮುರಿಯುತ್ತವೆ. ಪದರವನ್ನು ನೀರಲ್ಲಿ ಅದ್ದಿ ಒಣಗಿಸಿದರೆ, ಆರುವ ನೀರಿನ ಎಳೆತಕ್ಕೆ ಅಕ್ಕಪಕ್ಕದ ಕಂಬಗಳು ತಲೆಗೂಡಿಸಿ ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ. ಹೋದ ಅಂತರ ಮತ್ತೆ ಬರದು. ಧೂಳು, ಅಡುಗೆಯ ಎಣ್ಣೆಹೊಗೆ ರಂಧ್ರಕ್ಕೆ ಹೊಕ್ಕರೆ ತೇವಮಾಪಕ ಸುಳ್ಳು ಬಣ್ಣ ತೋರುತ್ತದೆ. ಬಿಲ್ಲೆ ದೊಡ್ಡದಾದಂತೆ ಒಲೆಗೆ ಹತ್ತಿರವಿರುವ ಅಂಚಿಗೂ ದೂರದ ಅಂಚಿಗೂ ಆವಿ ಬರುವ ಕೋನ, ಪ್ರಮಾಣ ಎರಡೂ ಬೇರೆಯಾಗಿ, ಒಂದೇ ಬಿಲ್ಲೆಯಲ್ಲಿ ಎರಡು ಛಾಯೆ ಕಾಣಿಸುವುದುಂಟು. ಆವಿಯ ಹೆಚ್ಚಿನ ಪಾಲು ಗೋಡೆಗೆ ಹೋಗುವ ನಷ್ಟವನ್ನು ಆಗಲೇ ಹೇಳಿದ್ದಾಯಿತು. ಮೊದಲ ತೊಂದರೆಗೆ ಒಂದು ಪರಿಹಾರ, ಬೆಳೆದ ಕಂಬಗಳ ಮೈಗೆ ಒಂದೊಂದೇ ಪರಮಾಣು ಪದರವಾಗಿ ಅಲ್ಯೂಮಿನಾದಂಥ ಗಟ್ಟಿ ಕವಚ ತೊಡಿಸುವುದು. ಅದರಿಂದ ರಂಧ್ರ ಸ್ವಲ್ಪ ಕಿರಿದಾಗುತ್ತದೆ, ಬಣ್ಣವೂ ಸ್ವಲ್ಪ ಕೆಂಪಿನ ಕಡೆ ಜರುಗುತ್ತದೆ. ಆ ಜರುಗುವಿಕೆಯನ್ನು ಮೊದಲೇ ಲೆಕ್ಕ ಹಿಡಿದು ಪದರಗಳನ್ನು ಅಷ್ಟರ ಮಟ್ಟಿಗೆ ತೆಳುವಾಗಿ ಬೆಳೆಸಬೇಕಾಗುತ್ತದೆ.

ಯಂತ್ರಗಳು ದುಬಾರಿಯಾದರೂ ಅವು ಒಂದೇ ಸಂಸ್ಥೆಯವರ ಬಳಕೆಗೆ ಮೀಸಲಾಗಿಲ್ಲ. ಸೆನ್ಸ್‌ನಲ್ಲಿರುವ ರಾಷ್ಟ್ರೀಯ ನ್ಯಾನೋ ತಯಾರಿಕಾ ಕೇಂದ್ರದ ಸ್ವಚ್ಛಕೋಣೆ ಸುಮಾರು 14,000 ಚದರ ಅಡಿಯದು. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ನೆರವಿನ ಐಎನ್‌ಯುಪಿ ಯೋಜನೆಯಡಿ ಹೊರಗಿನ ಕಾಲೇಜು, ವಿಶ್ವವಿದ್ಯಾಲಯಗಳ ಅಧ್ಯಾಪಕರು ಮತ್ತು ಸಂಶೋಧನಾ ವಿದ್ಯಾರ್ಥಿಗಳು ಅಲ್ಲಿ ತರಬೇತಿ ಪಡೆದು, ತಮ್ಮ ಪ್ರಸ್ತಾವ ಒಪ್ಪಿಗೆಯಾದರೆ ತಮ್ಮದೇ ಮಾದರಿಗಳನ್ನು ತಯಾರಿಸಿಕೊಳ್ಳುವ ಅವಕಾಶವಿದೆ. ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳಿಂದ ಆ ಆವರಣಕ್ಕೆ ಹೆದ್ದಾರಿಯಲ್ಲಿ 70 ಕಿಲೋಮೀಟರಿನಷ್ಟು ದಾರಿ, ನಡುವೆ ಸಿಗುವುದು ಅದೇ ಪೀಣ್ಯ.